ಬೆಳಕೂ ವಿದ್ಯುತ್ತೂ ಒಂದೇ ಪಾತ್ರೆಯಲ್ಲಿ

ಕಾಸರಗೋಡು ಜಿಲ್ಲೆಯ ಯಾವ ಊರಿನಲ್ಲಾದರೂ ‘ರಾಸಾಯನಿಕ’ ಎಂಬ ಮಾತನ್ನು ಆಡಿ ನೋಡಬಹುದು. ಕೇಳಿದವರ ಮನಸ್ಸಿನಲ್ಲಿ ಮೊದಲು ಮೂಡುವುದು ಎಂಡೋಸಲ್ಫಾನ್. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನಮ್ಮ ಈ ಶಾಲೆ ಹುಟ್ಟಿದ ದಶಕದಲ್ಲಿಯೇ ಇಲ್ಲಿನ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ಸಿಂಪಡಿಸುವ ಪರಿಪಾಠ ಆರಂಭವಾಯಿತು. 2000ನೆಯ ಇಸವಿಯ ತನಕ ಅದು ನಡೆಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು ಒಂದೇ ಊರಿನಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳೇಕೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕದ ಮುಂದಿಟ್ಟರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಆ ವಸ್ತುವನ್ನು ತ್ಯಾಜ್ಯ ವಿಷಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳು ನಮ್ಮ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. ಅಲ್ಲಿಗೆ ಎಲ್ಲವೂ ಮುಗಿಯಲಿಲ್ಲವೆಂಬುದನ್ನು, ಬೆಳೆದರೂ ಎದ್ದು ನಿಲ್ಲಲಾರದ ಮಕ್ಕಳನ್ನು ಎತ್ತಿ ಆಡಿಸುತ್ತಿರುವ ತಾಯಂದಿರು ಬಲ್ಲರು.

ಇಂಥ ನೆಲದಲ್ಲಿ ನಿಂತು ರಸಾಯನಶಾಸ್ತ್ರದ ಹೊಸ ಶಾಖೆಯೊಂದರ ಪರವಾಗಿ ಬರೆಯುವುದು ಸಲೀಸಾದ ಕೆಲಸವಲ್ಲ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಲೇಖನವೊಂದು ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಇಂಗುಗುಂಡಿಯ ಕುರಿತೋ ನಕ್ಷತ್ರಗಳ ಕುರಿತೋ ಬರೆದಿದ್ದರೆ ಎಲ್ಲರಿಗೂ ಸಮ್ಮತವಾಗುತ್ತಿತ್ತು. ಆದರೂ ಇದನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಕಾರ್ಬನ್ನಿಗೆ ಕ್ಲೋರಿನನ್ನು ಜೋಡಿಸಬಲ್ಲವರು ಆ ವಿಷವನ್ನು ಮಾಡಿದರು. ಅಂಥ ಜೋಡಣೆಯನ್ನು ಬಿಡಿಸುವುದು ಹೇಗೆ, ಇನ್ನು ಮುಂದೆ ಬೇಕಾದ ಔಷಧವನ್ನು ಅಷ್ಟು ಕೊಳೆಯಿಲ್ಲದೆ ಕಟ್ಟುವುದು ಹೇಗೆ ಎಂಬುದನ್ನೂ ಬಲ್ಲವರೇ ಹೇಳಬೇಕು. ಹೆದರಿ ದೂರ ನಿಂತವರಿಂದ ಅದು ಆಗದು. ಬೆಳಕನ್ನೂ ವಿದ್ಯುತ್ತನ್ನೂ ಒಂದೇ ಪಾತ್ರೆಯಲ್ಲಿ ದುಡಿಸಿ ಸಾವಯವ ವಸ್ತುಗಳನ್ನು ಸಂಶ್ಲೇಷಿಸುವ ವಿಧಾನ ಕಳೆದ ಕೆಲವು ವರ್ಷಗಳಲ್ಲಿ ಬಲವಾಗಿ ಬೆಳೆದಿದೆ. ಅದು ಹಿಡಿದಿರುವ ದಾರಿ ಸರಿಯಾದುದೆಂದೂ, ಆದರೆ ಅದಕ್ಕೆ ಈಗಲೇ ಸಲ್ಲುತ್ತಿರುವ ‘ಹಸಿರು’ ಎಂಬ ಬಿರುದು ಅದರ ಸಾಧನೆಗಿಂತ ಮುಂದೆ ಓಡುತ್ತಿದೆಯೆಂದೂ, ನಮ್ಮ ಹಳ್ಳಿಯ ಹೈಸ್ಕೂಲುಗಳ ವಿದ್ಯಾರ್ಥಿಗಳಿಗೆ ಇದರ ಮೊದಲ ಮೆಟ್ಟಿಲು ನಿಲುಕದ್ದೇನೂ ಅಲ್ಲವೆಂದೂ ನನ್ನ ಅಭಿಪ್ರಾಯ.

ಮೊದಲು ವಿಷಯದ ಬುಡಕ್ಕೆ ಹೋಗೋಣ. ಒಂದು ಸಾವಯವ ವಸ್ತುವನ್ನು ಇನ್ನೊಂದಾಗಿ ಮಾಡುವುದೆಂದರೆ ಬಹುಮಟ್ಟಿಗೆ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ. ಎಲೆಕ್ಟ್ರಾನನ್ನು ಕಿತ್ತುಕೊಂಡರೆ ಉತ್ಕರ್ಷಣ, ಕೊಟ್ಟರೆ ಅಪಕರ್ಷಣ. ಇದಕ್ಕಾಗಿ ರಸಾಯನ ವಿಜ್ಞಾನಿಗಳು ಪರಂಪರೆಯಿಂದ ಬಳಸುತ್ತ ಬಂದಿರುವುದು ಪೊಟ್ಯಾಸಿಯಂ ಪರ್ಮಾಂಗನೇಟು, ಕ್ರೋಮಿಕ್ ಆಮ್ಲ, ಸತುವಿನ ಪುಡಿ, ಸೋಡಿಯಂ, ಲಿಥಿಯಂ ಮುಂತಾದ ಕಾರಕಗಳನ್ನು. ಇವು ಎಲೆಕ್ಟ್ರಾನಿನ ಹೊರೆಯನ್ನು ಹೊತ್ತು ಸಾಗಿಸುವ ಆಳುಗಳಿದ್ದಂತೆ. ಹೊರೆ ಇಳಿಸಿದ ಮೇಲೆ ಆಳು ಮನೆಗೆ ಹೋಗುತ್ತಾನೆ. ಕಾರಕವಾದರೋ ಪಾತ್ರೆಯಲ್ಲಿಯೇ ಕಸವಾಗಿ ಉಳಿಯುತ್ತದೆ. ಔಷಧ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ನಾನು ಉದ್ಯೋಗದಲ್ಲಿದ್ದ ಕಾಲದಲ್ಲಿ, ಆಲ್ಕೊಹಾಲೊಂದನ್ನು ಕೀಟೋನನ್ನಾಗಿ ಮಾಡುವ ಒಂದೇ ಒಂದು ಹಂತಕ್ಕೆ ಕ್ರೋಮಿಕ್ ಆಮ್ಲವನ್ನು ಬಳಸುತ್ತಿದ್ದೆವು. ಕಿತ್ತಳೆ ಬಣ್ಣದಿಂದ ಆರಂಭವಾದ ದ್ರಾವಣ ಕೊನೆಗೆ ದಟ್ಟ ಹಸಿರಿಗೆ ತಿರುಗುತ್ತಿತ್ತು. ಆ ಹಸಿರು ರಾಡಿಯನ್ನು ಪೀಪಾಯಿಗಳಲ್ಲಿ ತುಂಬಿ ಲಾರಿಗೇರಿಸುತ್ತಿದ್ದರು. ಪೀಪಾಯಿಗಳು ಹೋದುದೆಲ್ಲಿಗೆ ಎಂಬ ಪ್ರಶ್ನೆಗೆ ಇಬ್ಬರಿಂದ ಸಿಗುವ ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಹಸಿರು ಬಣ್ಣವನ್ನು ಕಂಡೊಡನೆ ಸಂತೋಷಪಡುವ ಸ್ವಭಾವ ನನ್ನಲ್ಲಿ ಬೆಳೆಯದಿದ್ದುದಕ್ಕೆ ಅದೂ ಒಂದು ಕಾರಣವಿರಬಹುದು.

ಕಾರಕವಿಲ್ಲದೆಯೇ ಎಲೆಕ್ಟ್ರಾನನ್ನು ನೇರವಾಗಿ ಕೊಡಲು, ಕೀಳಲು ಸಾಧ್ಯವೇ? ತಂತಿಯೊಳಗೆ ಹರಿಯುವುದೇ ಎಲೆಕ್ಟ್ರಾನು ತಾನೆ! ಈ ವಿಚಾರ ಹೊಸದಲ್ಲ. ವೋಲ್ಟಾ 1800ರಲ್ಲಿ ತನ್ನ ವಿದ್ಯುತ್ಕೋಶವನ್ನು ಪ್ರಕಟಿಸಿದ. 1834ರಲ್ಲಿ ಮೈಕೇಲ್ ಫ್ಯಾರಡೆ ಅಸಿಟೇಟಿನ ದ್ರಾವಣದಲ್ಲಿ ವಿದ್ಯುತ್ತನ್ನು ಹಾಯಿಸಿ ಅನಿಲ ಹೊರಬರುವುದನ್ನು ಕಂಡ. 1840ರ ದಶಕದ ಕೊನೆಗೆ ಜರ್ಮನಿಯ ಹರ್ಮನ್ ಕೋಲ್ಬೆ, ಕಾರ್ಬಾಕ್ಸಿಲಿಕ್ ಆಮ್ಲಗಳನ್ನು ವಿದ್ಯುದಗ್ರದ ಮೇಲೆ ಒಡೆದು ಕಾರ್ಬನ್ನಿಗೆ ಕಾರ್ಬನ್ನನ್ನು ಜೋಡಿಸುವ ಕ್ರಿಯೆಯನ್ನು ಸಾಧಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ನಮ್ಮ ದೇಶದಲ್ಲಿಯೂ ಇದರ ಬೇರು ಇದೆ. ತಮಿಳುನಾಡಿನ ಕಾರೈಕುಡಿಯಲ್ಲಿ ಅಳಗಪ್ಪ ಚೆಟ್ಟಿಯಾರರು ಕೊಟ್ಟ ನೆಲದ ಮೇಲೆ ಎದ್ದ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾಲಯ 1953ರಲ್ಲಿ ಆರಂಭವಾಯಿತು. ಅದರ ನಿರ್ದೇಶಕರಾಗಿದ್ದವರಲ್ಲಿ ಹಂದಾಡಿ ವೆಂಕಟಕೃಷ್ಣ ಉಡುಪರು ಒಬ್ಬರು. ಕನ್ನಡ ಕರಾವಳಿಯ ಊರೊಂದನ್ನು ಹೆಸರಿನಲ್ಲೇ ಹೊತ್ತವರು. ತಿರುಗುವ ವಿದ್ಯುದಗ್ರಗಳನ್ನು ಬಳಸಿ ಸಾವಯವ ವಸ್ತುಗಳನ್ನು ಅಪಕರ್ಷಿಸುವ ವಿಧಾನಗಳಲ್ಲಿ ಅವರು ದೊಡ್ಡ ಕೆಲಸ ಮಾಡಿದರು. ನೈಟ್ರೊಬೆನ್ಜೀನಿನಿಂದ ಪ್ಯಾರಾ-ಅಮೈನೊಫೀನಾಲನ್ನು ಮಾಡುವುದು ಅವುಗಳಲ್ಲಿ ಒಂದು. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲಿಗೆ ಅದು ಮೂಲವಸ್ತು. ನಮ್ಮ ಸಭೆಗಳಲ್ಲಿ ಕರಾವಳಿಯ ಹೆಮ್ಮೆಯ ಹೆಸರುಗಳನ್ನು ಓದುವಾಗ ಈ ಹೆಸರನ್ನು ನಾನು ಕೇಳಿದ್ದು ಕಡಮೆ.

ಇನ್ನು ಬೆಳಕಿನ ಕಡೆಯ ಕಥೆ. ಅರಸಿನದ ಕಲೆಯಾದ ಬಟ್ಟೆಯನ್ನು ಅಮ್ಮಂದಿರು ಒಗೆದು ಬಿಸಿಲಿಗೆ ಹಾಕುತ್ತಾರೆ. ಸಾಬೂನಿಗೆ ಬಗ್ಗದ ಹಳದಿ ಬಿಸಿಲಿಗೆ ಮಾಯವಾಗುತ್ತದೆ. ಕಾಯಿಸುವುದರಿಂದ ಇದು ಆಗುವುದಿಲ್ಲ, ಬೆಳಕಿನಿಂದಲೇ ಆಗಬೇಕು. ಇಟಲಿಯ ಬೊಲೋನ್ಯಾದಲ್ಲಿ ಜಾಕೊಮೊ ಚಾಮಿಚಿಯಾನ್ ಎಂಬ ಪ್ರಾಧ್ಯಾಪಕ, ತನ್ನ ಸಹೋದ್ಯೋಗಿ ಪೌಲ್ ಸಿಲ್ಬರನೊಡನೆ, ಗಾಜಿನ ಸೀಸೆಗಳಲ್ಲಿ ಬಗೆಬಗೆಯ ದ್ರಾವಣಗಳನ್ನು ತುಂಬಿ ಬಿಸಿಲಿಗೆ ಸಾಲಾಗಿ ಇಟ್ಟು ಏನಾಗುತ್ತದೆಂದು ವರ್ಷಗಟ್ಟಲೆ ನೋಡಿದ. ನಮ್ಮಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಬಿಸಿಲಿಗಿಡುವ ಮಾದರಿಯಲ್ಲಿ! 1912ರಲ್ಲಿ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವನು ಮಾಡಿದ ಭಾಷಣದ ವಿಷಯವೇ ದ್ಯುತಿರಸಾಯನದ ಭವಿಷ್ಯ. ಕಲ್ಲಿದ್ದಲು ಎಂದಾದರೊಮ್ಮೆ ಮುಗಿದೀತು, ಬೆಳೆಯಿಲ್ಲದ ಒಣನೆಲಗಳಲ್ಲಿ ಗಾಜಿನ ಕೊಳವೆಗಳ ಕಾರ್ಖಾನೆಗಳು ಹೊಗೆಯಿಲ್ಲದೆ ಬಿಸಿಲಿನಿಂದಲೇ ನಡೆಯಬೇಕು ಎಂದು ಅವನು ವಾದಿಸಿದ. ಅಂದು ಆ ಮಾತು ಯಾರಿಗೂ ಅವಸರದ್ದಾಗಿ ಕಾಣಲಿಲ್ಲ.

ಇವೆರಡೂ ಪ್ರಯೋಗಶಾಲೆಯ ಆಟಿಕೆಗಳಾಗಿಯೇ ಉಳಿದವೆಂದು ಯಾರೂ ತಿಳಿಯಬಾರದು. ನಮ್ಮ ಕಡಲ ತೀರದ ಬಲೆಗಳಲ್ಲಿರುವ ನೈಲಾನನ್ನೇ ನೋಡಿ. ನೈಲಾನ್ 66 ಎಂಬುದರ ಮೂಲವಸ್ತುಗಳಲ್ಲಿ ಒಂದಾದ ಅಡಿಪೊನೈಟ್ರೈಲನ್ನು ಅಮೆರಿಕದ ಮೊನ್ಸಾಂಟೊ ಸಂಸ್ಥೆ 1960ರ ದಶಕದಲ್ಲಿ ವಿದ್ಯುತ್ತಿನಿಂದ ತಯಾರಿಸತೊಡಗಿತು. ಮ್ಯಾನುಯೆಲ್ ಬೈಜರ್ ಎಂಬವರ ಶೋಧ ಅದು. ಅದೇ ದಶಕದಲ್ಲಿ ಜಪಾನಿನ ಟೊರೇ ಸಂಸ್ಥೆ ನೈಲಾನ್ 6ರ ಮೂಲವಸ್ತುವಿಗಾಗಿ ಸೈಕ್ಲೊಹೆಕ್ಸೇನು ಮತ್ತು ನೈಟ್ರೊಸಿಲ್ ಕ್ಲೋರೈಡುಗಳ ಮೇಲೆ ದೊಡ್ಡ ದೀಪಗಳ ಬೆಳಕು ಬಿಟ್ಟಿತು. ಒಂದು ನೈಲಾನು ವಿದ್ಯುತ್ತಿನ ಮಗು, ಇನ್ನೊಂದು ಬೆಳಕಿನ ಮಗು. ಆದರೆ ಆ ಎರಡು ಮನೆಗಳ ನಡುವೆ ಹೋಗಿಬರುವ ಬಳಕೆ ಇರಲಿಲ್ಲ. ದ್ಯುತಿರಸಾಯನಿಗಳ ಸಮ್ಮೇಳನ ಬೇರೆ, ವಿದ್ಯುದ್ರಸಾಯನಿಗಳ ಸಮ್ಮೇಳನ ಬೇರೆ, ಅವರ ಪತ್ರಿಕೆಗಳೂ ಬೇರೆ. ವಿಶ್ವವಿದ್ಯಾನಿಲಯಗಳಲ್ಲಿ ಒಂದು ಗೋಡೆಯ ಎರಡು ಬದಿಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಓದದಿರುವುದು ನಮ್ಮ ದೇಶದ ವಿಶೇಷವೇನೂ ಅಲ್ಲ.

ಎರಡನ್ನೂ ಸೇರಿಸಿದರೆ ಏನು ಲಾಭ ಎಂಬುದನ್ನು ಅಡಕೆ ಕೊಯ್ಯುವವರ ದೃಷ್ಟಾಂತದಿಂದ ವಿವರಿಸಬಹುದು. ನೆಲದಲ್ಲಿ ನಿಂತು ದೋಟಿ ಚಾಚಿದರೆ ಎತ್ತರದ ಮರದ ಗೊನೆ ಸಿಗುವುದಿಲ್ಲ. ಪ್ರತಿಯೊಂದು ಮರವನ್ನೂ ತುದಿಯ ತನಕ ಏರಹೋದರೆ ತೆಳುವಾದ ಮರ ಬಾಗಿ ಮುರಿದೀತು. ಒಂದು ಮರವನ್ನು ಅರ್ಧಕ್ಕಿಂತ ಹೆಚ್ಚು ಏರಿ, ಅಲ್ಲಿಂದ ದೋಟಿ ಚಾಚಿ ಪಕ್ಕದ ಮರಗಳ ಗೊನೆಯನ್ನೂ ಇಳಿಸುವುದು ಅನುಭವಿಗಳ ಕ್ರಮ. ವಿದ್ಯುತ್ತೆಂಬುದು ಏರುವ ಕೆಲಸ, ಬೆಳಕು ದೋಟಿ. ಬರಿಯ ವಿದ್ಯುತ್ತಿನಿಂದಲೇ ಹಟಮಾರಿ ಅಣುವಿನಿಂದ ಎಲೆಕ್ಟ್ರಾನನ್ನು ಕೀಳಬೇಕೆಂದು ವೋಲ್ಟೇಜನ್ನು ಏರಿಸುತ್ತಲೇ ಹೋದರೆ, ಪಾತ್ರೆಯಲ್ಲಿರುವ ದ್ರಾವಕವೂ, ಆಗತಾನೆ ಹುಟ್ಟಿದ ಉತ್ಪನ್ನವೂ ವಿದ್ಯುದಗ್ರದ ಮೇಲೆ ಸುಟ್ಟು ಹಾಳಾಗುತ್ತವೆ. ಬರಿಯ ಬೆಳಕಿನಿಂದ ಮಾಡಹೋದರೆ, ನೀಲಿ ಬೆಳಕಿನ ಒಂದು ಫೋಟಾನಿನಲ್ಲಿರುವುದು ಸುಮಾರು 2.75 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಮಾತ್ರ. ಅದರಲ್ಲಿಯೂ ಒಂದು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತದೆ. ಆದುದರಿಂದ ಒಂದು ಕ್ರಿಯಾವರ್ಧಕವನ್ನು ಮೊದಲು ಮಿತವಾದ ವೋಲ್ಟೇಜಿನಲ್ಲಿ ವಿದ್ಯುದಗ್ರಕ್ಕೆ ತಾಗಿಸಿ ಎಲೆಕ್ಟ್ರಾನನ್ನು ಕೊಟ್ಟೋ ಕಿತ್ತೋ ಸಿದ್ಧಗೊಳಿಸುವುದು, ಬಳಿಕ ಆ ಸ್ಥಿತಿಯಲ್ಲಿಯೇ ಅದರ ಮೇಲೆ ಬೆಳಕು ಬಿಟ್ಟು ಇನ್ನೂ ಮೇಲಕ್ಕೆ ಒಯ್ಯುವುದು. ಇಷ್ಟೇ ಇದರ ಗುಟ್ಟು.

2019ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಟ್ರಿಸ್ಟನ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂರು ಕಾರ್ಬನ್ನುಗಳ ಪುಟ್ಟ ತ್ರಿಕೋನ, ಮೂರು ಮೂಲೆಗಳಿಗೂ ಒಂದೊಂದು ಅಮೈನು. ಇದು ಅವರ ಕ್ರಿಯಾವರ್ಧಕ. ಕ್ಯಾಲೊಮೆಲ್ ವಿದ್ಯುದಗ್ರಕ್ಕೆ ಹೋಲಿಸಿ ಅಳೆದರೆ ಸುಮಾರು 1.26 ವೋಲ್ಟಿನಲ್ಲಿ ಅದು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಹಾಗೆ ಬರಿದಾದ ಅಣುವಿನ ಮೇಲೆ ಬೆಳಕು ಬಿದ್ದಾಗ ಅದರ ಉತ್ಕರ್ಷಣ ಸಾಮರ್ಥ್ಯ 3.33 ವೋಲ್ಟಿಗೆ ಏರುತ್ತದೆ. ಬೆನ್ಜೀನಿನಿಂದ ಎಲೆಕ್ಟ್ರಾನನ್ನು ಕೀಳಲು ಸುಮಾರು 2.5 ವೋಲ್ಟ್ ಬೇಕು. ಬೆನ್ಜೀನು ಎಷ್ಟು ಜಡ ಸ್ವಭಾವದ್ದೆಂಬುದನ್ನು ಪಿ.ಯು.ಸಿ. ಓದಿದವರೆಲ್ಲ ಬಲ್ಲರು. ಅದನ್ನೇ ನೈಟ್ರೊಜನ್ನಿರುವ ಅಜೋಲುಗಳೊಡನೆ ನೇರವಾಗಿ ಜೋಡಿಸಲು ಇದರಿಂದ ಸಾಧ್ಯವಾಯಿತು. ಆಚೆಯ ವಿದ್ಯುದಗ್ರದಲ್ಲಿ ಹೊರಬಿದ್ದುದು ಹೈಡ್ರೊಜನ್ ಅನಿಲ ಮಾತ್ರ. ಕ್ರೋಮಿಯಮ್ಮಿನ ರಾಡಿಯನ್ನು ಕಂಡವನಿಗೆ ಈ ಒಂದು ವಾಕ್ಯ ಸಾಕು, ಉಳಿದದ್ದನ್ನು ಓದುವ ಮನಸ್ಸು ಬರಲು.

ಇದರ ಮರುವರ್ಷ, 2020ರಲ್ಲಿ, ಅದೇ ಕಾರ್ನೆಲ್ಲಿನ ಸಾಂಗ್ ಲಿನ್ ಲ್ಯಾಂಬರ್ಟರೊಡನೆ ಸೇರಿ ವಿರುದ್ಧ ದಿಕ್ಕಿನಲ್ಲಿ ನಡೆದರು. ಡೈಸಯನೊಆಂತ್ರಸೀನಿಗೆ ಸುಮಾರು ಮೈನಸ್ 0.8 ವೋಲ್ಟಿನಲ್ಲಿ ಒಂದು ಎಲೆಕ್ಟ್ರಾನನ್ನು ಉಣಿಸಿ, ಬೆಳಕಿನಿಂದ ಅದನ್ನು ಮೈನಸ್ 3.2 ವೋಲ್ಟಿನ ಆಸುಪಾಸಿಗೆ ಒಯ್ದರು. ಇದು ಸೋಡಿಯಂ, ಲಿಥಿಯಂ ಲೋಹಗಳ ಸಾಲಿನ ಬಲ. ಶಾಲೆಯ ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಮ್ಮಿನ ತುಣುಕನ್ನು ನೀರಿಗೆ ಹಾಕಿದಾಗ ಅದು ಉರಿಯುತ್ತ ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ಬಲವನ್ನು, ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವ ದೀಪದಿಂದ ಪಡೆಯುವುದೆಂದರೆ ಸಣ್ಣ ಮಾತಲ್ಲ. ಕ್ಲೋರೊಬೆನ್ಜೀನಿನಂತಹ ವಸ್ತುಗಳಲ್ಲಿ ಕಾರ್ಬನ್ನಿನಿಂದ ಕ್ಲೋರಿನನ್ನು ಬಿಡಿಸಲು ಇದು ಸಾಕಾಯಿತು. ಅದೇ ವರ್ಷ ವಿಸ್ಕಾನ್ಸಿನ್ನಿನ ವಿಕೆನ್ಸ್ ಮತ್ತು ಸಂಗಡಿಗರು ಬೇರೆ ಕ್ರಿಯಾವರ್ಧಕದಿಂದ ಇದೇ ಬಗೆಯ ಫಲವನ್ನು ಪಡೆದರು. ಚೀನದ ಶಿಯಾಮೆನ್ನಿನಲ್ಲಿ, ಜರ್ಮನಿಯ ರೇಗೆನ್ಸ್‌ಬುರ್ಗಿನಲ್ಲಿ ಕೂಡ ಈ ದಿಕ್ಕಿನ ಕೆಲಸ ಬಿರುಸಾಗಿ ನಡೆದಿದೆ.

ಇದೆಲ್ಲ 2019ರಲ್ಲಿ ಆಕಾಶದಿಂದ ಇಳಿದುದಲ್ಲ. 1979ರಷ್ಟು ಹಿಂದೆಯೇ ಫ್ರಾನ್ಸಿನ ಮೂತೆ ಮತ್ತು ರೆವೆರ್ಡಿ ಎಂಬವರು ಫೀನೊಥಯಜೀನಿನಿಂದ ಇಂಥದೇ ಪ್ರಯೋಗಗಳನ್ನು ಆರಂಭಿಸಿದ್ದರು. ಆಗ ಅದು ಹಬ್ಬಲಿಲ್ಲ. ಅಂದಿನ ದೀಪಗಳು ಬೇಕಾದ ಬಣ್ಣಕ್ಕಿಂತ ಹೆಚ್ಚಾಗಿ ಬೇಡವಾದ ಬಿಸಿಯನ್ನು ಕೊಡುತ್ತಿದ್ದವು. ನೀಲಿ ಎಲ್.ಇ.ಡಿ. ದೀಪ ಬಂದು ಅಗ್ಗವಾದ ಮೇಲೆ ಕಥೆ ಬದಲಾಯಿತು. ಅದನ್ನು ರೂಪಿಸಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ದೊರೆತದ್ದು ಮನೆಗಳನ್ನು ಬೆಳಗಿದ್ದಕ್ಕಾಗಿ. ರಸಾಯನಶಾಸ್ತ್ರ ಅದರಿಂದ ಪಡೆದ ಲಾಭ ಲೆಕ್ಕಕ್ಕೆ ಬಂದಿರಲಾರದು.

ಕ್ರಿಯಾವರ್ಧಕವನ್ನು ದ್ರಾವಣದಲ್ಲಿ ಕರಗಿಸದೆ, ವಿದ್ಯುದಗ್ರವನ್ನೇ ಬೆಳಕು ಹೀರುವ ವಸ್ತುವಿನಿಂದ ಮಾಡುವ ಇನ್ನೊಂದು ದಾರಿಯೂ ಇದೆ. ಇದು ಇನ್ನೂ ಹಳೆಯದು. 1839ರಲ್ಲಿ ಎಡ್ಮಂಡ್ ಬೆಕರೆಲ್ ಎಂಬ 19 ವರ್ಷದ ತರುಣ ತನ್ನ ತಂದೆಯ ಪ್ರಯೋಗಶಾಲೆಯಲ್ಲಿ, ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡಿನ ಮೇಲೆ ಬೆಳಕು ಬಿದ್ದಾಗ ವಿದ್ಯುತ್ತು ಹರಿಯುವುದನ್ನು ಕಂಡುಹಿಡಿದ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದರು. 2019ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ಶಿಲೆ ಹು ಮತ್ತು ಸಂಗಡಿಗರು ಹೆಮಟೈಟಿನ ವಿದ್ಯುದಗ್ರದ ಮೇಲೆ ಬೆಳಕಿನ ಸಹಾಯದಿಂದ ಬೆನ್ಜೀನಿನ ಬಳಗದ ವಸ್ತುಗಳಿಗೆ ನೈಟ್ರೊಜನ್ನನ್ನು ಜೋಡಿಸಿದರು. ಹೆಮಟೈಟು ಎಂದರೆ ಕಬ್ಬಿಣದ ಆಕ್ಸೈಡು. ನಮ್ಮ ಮುರಕಲ್ಲಿಗೆ ಕೆಂಪು ಬಣ್ಣ ಕೊಡುವ ವಸ್ತುಗಳಲ್ಲಿ ಅದೂ ಒಂದು. ಈ ಶಾಲೆಯ ಗೋಡೆಯಿಂದ ಕೆರೆದ ಪುಡಿಯನ್ನು ಹಾಗೆಯೇ ಬಳಸಲಾಗದು ನಿಜ. ತೆಳುವಾದ ಶುದ್ಧ ಪದರವೇ ಬೇಕು. ಆದರೆ ರುಥೇನಿಯಂ, ಇರಿಡಿಯಮ್ಮಿನಂತಹ ದುರ್ಲಭ ಲೋಹಗಳಿಲ್ಲದೆ ಕಬ್ಬಿಣದ ತುಕ್ಕಿನ ನಂಟನೊಬ್ಬ ಈ ಕೆಲಸ ಮಾಡಬಲ್ಲನೆಂಬುದು ಬಡದೇಶಗಳ ರಸಾಯನಿಗಳು ನೆನಪಿಡಬೇಕಾದ ವಿಷಯ.

ಈಗ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು, ಪಾತ್ರೆಯೊಳಗೆ ನಿಜವಾಗಿ ನಡೆಯುತ್ತಿರುವುದು ಏನೆಂಬುದರ ಕುರಿತು. ಎಲೆಕ್ಟ್ರಾನು ತುಂಬಿದ ಅಣು ಬೆಳಕನ್ನು ಹೀರಿ ಉದ್ರಿಕ್ತವಾಗುತ್ತದೆ ಎನ್ನುತ್ತೇವೆ. ಆ ಉದ್ರೇಕ ಎಷ್ಟು ಹೊತ್ತು ಬಾಳುತ್ತದೆ? ಇಂಥ ಕೆಲವು ಅಣುಗಳಲ್ಲಿ, ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂಥ ಕೆಲವು ಹತ್ತು ಭಾಗಗಳಷ್ಟು ಹೊತ್ತು. ಅಷ್ಟರಲ್ಲಿ ಅಣುವೊಂದು ದ್ರಾವಣದಲ್ಲಿ ತನ್ನ ಮೈಯಳತೆಗಿಂತ ಹೆಚ್ಚು ದೂರ ಸರಿಯಲಾರದು. ಹಾಗಿದ್ದರೆ ಅದು ಇನ್ನೊಂದು ಅಣುವನ್ನು ಹುಡುಕಿ ಎಲೆಕ್ಟ್ರಾನನ್ನು ದಾನ ಮಾಡುವುದು ಯಾವಾಗ? ಹಾರ್ವರ್ಡಿನ ಡೇನಿಯಲ್ ನೊಸೆರಾ ಮತ್ತು ಸಂಗಡಿಗರು 2021ರಲ್ಲಿ, ವಿಕೆನ್ಸರು ಬಳಸಿದ ಕ್ರಿಯಾವರ್ಧಕವನ್ನೇ ಪರೀಕ್ಷಿಸಿ, ದುಡಿಯುತ್ತಿರುವುದು ಎಲ್ಲರೂ ಎಣಿಸಿದ ಅಣುವಲ್ಲ, ಅದರಿಂದ ಹುಟ್ಟಿದ ಬೇರೊಂದು ಸ್ಥಿರವಾದ ಸಂಕೀರ್ಣ ಎಂದು ತೋರಿಸಿದರು. ಬೇರೆ ಕೆಲವು ಕ್ರಿಯೆಗಳಲ್ಲಿ, ಬೆಳಕು ಬೀಳುವ ಮೊದಲೇ ಎರಡು ಅಣುಗಳೂ ಅಂಟಿಕೊಂಡಿರುತ್ತವೆ, ಆದುದರಿಂದ ಹುಡುಕಾಟವೇ ಬೇಕಿಲ್ಲ ಎಂಬ ವಾದವಿದೆ. ಫಲ ಸಿಕ್ಕಿದರೆ ಸಾಕು, ಕಾರಣ ಯಾವುದಾದರೇನು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ದುಡಿಯುವವನು ಯಾರೆಂದು ತಿಳಿಯದೆ ಅವನನ್ನು ಸುಧಾರಿಸುವುದು ಹೇಗೆ? ನಾಳೆ ಅದೇ ಕ್ರಿಯೆಯನ್ನು ನೂರು ಪಟ್ಟು ದೊಡ್ಡ ಪಾತ್ರೆಯಲ್ಲಿ ನಡೆಸಿದಾಗ ಫಲ ಬಾರದಿದ್ದರೆ ಹುಡುಕುವುದೆಲ್ಲಿ? ನೊಸೆರಾ ಅವರಂತಹ ಟೀಕಾಕಾರರು ಈ ಶಾಖೆಗೆ ಮಾಡಿದ ಉಪಕಾರ ಹೊಗಳುಭಟರದ್ದಕ್ಕಿಂತ ದೊಡ್ಡದು.

ಎರಡನೆಯದು ಖರ್ಚುವೆಚ್ಚದ ಲೆಕ್ಕ. ಒಂದು ಮೋಲ್ ವಸ್ತುವಿನಿಂದ ಎರಡೆರಡು ಎಲೆಕ್ಟ್ರಾನುಗಳನ್ನು ಕೀಳಲು ಫ್ಯಾರಡೆಯ ನಿಯಮದಂತೆ 53.6 ಆಂಪಿಯರ್-ಗಂಟೆ ಬೇಕು. ಕೋಶದ ವೋಲ್ಟೇಜು 3 ಎಂದಿಟ್ಟುಕೊಂಡರೆ ಇದು 0.16 ಯೂನಿಟ್. ಅಂದರೆ ನಮ್ಮ ಮನೆಯ ಮೀಟರಿನ ಒಂದು ಯೂನಿಟ್ಟಿನಲ್ಲಿ ಆರು ಮೋಲ್ ವಸ್ತುವನ್ನು ಉತ್ಕರ್ಷಿಸಬಹುದು. ತೀರ ಅಗ್ಗ. ಬೆಳಕು ಹಾಗಲ್ಲ. ನೀಲಿ ಬೆಳಕಿನ ಒಂದು ಮೋಲ್ ಫೋಟಾನುಗಳಲ್ಲಿರುವುದು ಸುಮಾರು 266 ಕಿಲೋಜೂಲ್, ಎಂದರೆ 0.074 ಯೂನಿಟ್. ದೀಪ ತಾನು ಕುಡಿದ ವಿದ್ಯುತ್ತಿನ ಅರ್ಧವನ್ನು ಬೆಳಕಾಗಿಸಿದರೆ 0.15 ಯೂನಿಟ್. ಇಲ್ಲಿಯವರೆಗೆ ಚಿಂತೆಯಿಲ್ಲ. ಆದರೆ ಬಿದ್ದ ಫೋಟಾನುಗಳೆಲ್ಲ ಫಲ ಕೊಡುವುದಿಲ್ಲ. ಹತ್ತರಲ್ಲಿ ಒಂದು ಫಲಿಸಿದರೆ ಖರ್ಚು ಹತ್ತು ಪಟ್ಟು, ನೂರರಲ್ಲಿ ಒಂದು ಫಲಿಸಿದರೆ ನೂರು ಪಟ್ಟು. ಉದ್ರಿಕ್ತ ಸ್ಥಿತಿ ಕ್ಷಣಕ್ಕಿಂತ ಕ್ಷಣಿಕವಾದ ಕಡೆ ಎರಡನೆಯ ಸಂದರ್ಭವೇ ಹೆಚ್ಚು ಸಂಭವ. ಪ್ರಬಂಧಗಳಲ್ಲಿ ಉತ್ಪನ್ನದ ಇಳುವರಿಯನ್ನು ಶೇಕಡಾವಾರು ಕೊಡುವ ಲೇಖಕರು ಫೋಟಾನುಗಳ ಇಳುವರಿಯನ್ನು ಹೇಳದೆ ಬಿಡುವುದುಂಟು. ಅಡಕೆಯ ಧಾರಣೆಯನ್ನು ಮಾತ್ರ ಹೇಳಿ ಕೊಯ್ಲಿನ ಕೂಲಿಯನ್ನು ಮುಚ್ಚಿಟ್ಟಂತೆ ಇದು.

ಇದಲ್ಲದೆ ದ್ರಾವಣದಲ್ಲಿ ವಿದ್ಯುತ್ತು ಹರಿಯಬೇಕಾದರೆ ಲವಣವೊಂದನ್ನು ಧಾರಾಳವಾಗಿ ಕರಗಿಸಬೇಕು. ಕೆಲಸ ಮುಗಿದ ಮೇಲೆ ಅದನ್ನು ಬೇರ್ಪಡಿಸಬೇಕು. ಅಪಕರ್ಷಣದ ಪ್ರಯೋಗಗಳಲ್ಲಿ ಅನೇಕ ವೇಳೆ ಧನಾಗ್ರವಾಗಿ ಸತುವಿನ ತುಂಡನ್ನಿಟ್ಟು ಅದನ್ನು ಕರಗಲು ಬಿಡುತ್ತಾರೆ. ಹಾಗಾದರೆ ಸತುವಿನ ಪುಡಿಯನ್ನು ನೇರವಾಗಿ ಪಾತ್ರೆಗೆ ಹಾಕುವುದಕ್ಕೂ ಇದಕ್ಕೂ ಕಸದ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ಒಂದು ವಿದ್ಯುದಗ್ರದಲ್ಲಿ ನಡೆದುದನ್ನು ಮಾತ್ರ ಹೇಳಿ, ಆಚೆಯದರಲ್ಲಿ ನಡೆದುದನ್ನು ಹೇಳದ ಲೇಖಕನನ್ನು ನಾನು ನಂಬುವುದಿಲ್ಲ. ಭಾರತದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನಿಂದ ಬರುವುದೆಂಬುದನ್ನೂ ಜೊತೆಗೆ ಸೇರಿಸಿಕೊಳ್ಳಬೇಕು. ಬಣ್ಣವಿರುವ ದ್ರಾವಣದಲ್ಲಿ ಬೆಳಕು ಕೆಲವು ಮಿಲಿಮೀಟರಿಗಿಂತ ಆಳಕ್ಕೆ ಇಳಿಯುವುದಿಲ್ಲ. ವಿದ್ಯುದಗ್ರವೂ ತನ್ನ ಮೈಗೆ ತಾಗಿದ ದ್ರವವನ್ನಷ್ಟೇ ಬಲ್ಲದು. ಆದುದರಿಂದ ದೊಡ್ಡ ಹಂಡೆಯಲ್ಲಿ ಇದು ನಡೆಯದು. ತೆಳುವಾದ ಸಂದುಗಳಲ್ಲಿ ದ್ರಾವಣವನ್ನು ಹರಿಯಬಿಡುವ ಕೋಶಗಳು ಬೇಕು. ಒಂದು ಕಡೆಯಿಂದ ಬೆಳಕನ್ನು ಒಳಬಿಡುತ್ತ ಇನ್ನೊಂದು ಕಡೆಯಿಂದ ವಿದ್ಯುತ್ತನ್ನು ಕೊಡುವ ಅಂಥ ಕೋಶವನ್ನು ಕಟ್ಟುವುದು ರಸಾಯನಿಯ ಕೆಲಸಕ್ಕಿಂತ ಹೆಚ್ಚಾಗಿ ಒಳ್ಳೆಯ ಮೆಕ್ಯಾನಿಕ್ಕನ ಕೆಲಸ.

ಇಷ್ಟೆಲ್ಲ ಆಕ್ಷೇಪಗಳಿದ್ದೂ ನಾನು ಇದರ ಪರವಾಗಿ ನಿಲ್ಲುತ್ತಿರುವುದು ಏಕೆ? ಕಾರಕವನ್ನು ಪಾತ್ರೆಗೆ ಸುರಿದ ಮೇಲೆ ಅದರ ಬಲವನ್ನು ತಗ್ಗಿಸುವಂತಿಲ್ಲ. ವೋಲ್ಟೇಜನ್ನು ಬೆರಳಿನಿಂದ ತಿರುಗಿಸಿ ತಗ್ಗಿಸಬಹುದು. ದೀಪದ ಬಣ್ಣವನ್ನು ಬದಲಿಸಬಹುದು. ಎರಡನ್ನೂ ನಡುವಿನಲ್ಲಿ ನಿಲ್ಲಿಸಬಹುದು. ಈ ಹಿಡಿತ ಕೈಗೆ ಬಂದಿರುವುದೇ ನಿಜವಾದ ಲಾಭ. ಹಸಿರು ಎಂಬುದು ಮುಂದೆ ದುಡಿದು ಗಳಿಸಬೇಕಾದ ಹೆಸರು.

ಎಂಡೋಸಲ್ಫಾನನ್ನು ಇದರಿಂದ ನಿರ್ವಿಷಗೊಳಿಸಬಹುದೇ ಎಂದು ಯಾರಾದರೂ ಕೇಳಿಯಾರು. ಅವಸರದ ಆಸೆ ಹುಟ್ಟಿಸುವುದು ಸರಿಯಲ್ಲ. ಎಂಡೋಸಲ್ಫಾನಿನ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಅವುಗಳಲ್ಲಿ ಒಂದೂ ಬೆನ್ಜೀನಿನ ಉಂಗುರದ ಮೇಲಿಲ್ಲ. ಆದುದರಿಂದ ಕ್ಲೋರೊಬೆನ್ಜೀನಿನಲ್ಲಿ ನಡೆದುದು ಇಲ್ಲಿಯೂ ನಡೆಯುವುದೆಂದು ಹೇಳುವಂತಿಲ್ಲ. ಮಣ್ಣಿನಲ್ಲಿ ಚದರಿಹೋದುದನ್ನು ಒಟ್ಟುಗೂಡಿಸಿ ಕೋಶಕ್ಕೆ ತರುವುದೂ ಬೇರೆಯೇ ಸಮಸ್ಯೆ. ಆದರೆ ಅದರ ದಾಯಾದಿಯೊಬ್ಬನ ವಿಷಯದಲ್ಲಿ ಒಂದು ಸುದ್ದಿ ಇದೆ. ಹಿಂದೆ ನಮ್ಮ ಕೃಷಿಕರು ಬಿ.ಎಚ್.ಸಿ. ಪುಡಿಯೆಂದು ಬಳಸುತ್ತಿದ್ದುದರಲ್ಲಿದ್ದ ಲಿಂಡೇನ್ ಎಂಬ ವಸ್ತುವಿಗೂ ಆರು ಕ್ಲೋರಿನ್. 2021ರಲ್ಲಿ ಜೂರಿಕ್‌ನ ಬಿಲ್ ಮೊರಾಂಡಿ ಮತ್ತು ಮೈಂಜಿನ ಸೀಗ್‌ಫ್ರೀಡ್ ವಾಲ್ಡ್‌ಫೋಗೆಲ್ ಇವರ ತಂಡಗಳು ಬರಿಯ ವಿದ್ಯುತ್ತಿನಿಂದಲೇ ಲಿಂಡೇನಿನ ಕ್ಲೋರಿನುಗಳನ್ನು ಕಳಚಿ, ಅವನ್ನು ವ್ಯರ್ಥ ಮಾಡದೆ ಇನ್ನೊಂದು ಉಪಯುಕ್ತ ವಸ್ತುವಿಗೆ ವರ್ಗಾಯಿಸಿ ತೋರಿಸಿದವು. ವಿಷವನ್ನು ಹೂಳುವುದಕ್ಕೂ ಸುಡುವುದಕ್ಕೂ ಬದಲಾಗಿ ಅದನ್ನು ಕಚ್ಚಾವಸ್ತುವೆಂದು ಕಾಣುವ ದೃಷ್ಟಿ ಇದು. ನಮ್ಮ ಜಿಲ್ಲೆಯ ಮಗುವೊಂದು ಮುಂದೆ ಈ ಕೆಲಸಕ್ಕೆ ಕೈಹಾಕಿದರೆ ಅದಕ್ಕಿಂತ ಉಚಿತವಾದುದು ಇನ್ನೇನಿದೆ?

ಆದರೆ ಆ ಮಗು ಅಲ್ಲಿಗೆ ಮುಟ್ಟುವುದು ಹೇಗೆ? ನಮ್ಮ ವಿದ್ಯಾರ್ಥಿಗಳು ಹತ್ತನೆಯ ತರಗತಿಯ ತನಕ ಕೇರಳದ ಪಠ್ಯವನ್ನು ಕನ್ನಡದಲ್ಲಿ ಓದಿ, ಬಳಿಕ ಒಮ್ಮೆಲೇ ಇಂಗ್ಲಿಷಿಗೆ ಹೊರಳುತ್ತಾರೆ. ಆ ಹೊರಳಿನಲ್ಲಿ ಅನೇಕರು ವಿಜ್ಞಾನವನ್ನೇ ಬಿಡುತ್ತಾರೆ. ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎಂಬ ಮಾತಿಗೆ ನಾನು ಉತ್ತರ ಕೊಡಹೋಗುವುದಿಲ್ಲ; ಮೇಲಿನ ಪುಟಗಳನ್ನು ಇಲ್ಲಿಯವರೆಗೆ ಓದಿದವರೇ ತೀರ್ಮಾನಿಸಲಿ. ಪದಗಳು ಇಲ್ಲದಿರುವುದು ನಮ್ಮ ಕೊರತೆಯಲ್ಲ. ಕೈಯಿಂದ ಮಾಡಿ ನೋಡದೆ ಪದವನ್ನು ಮಾತ್ರ ಬಾಯಿಪಾಠ ಮಾಡಿಸುವುದು ಕೊರತೆ. ಮಹೋತ್ಸವದ ನಿಧಿಯಿಂದ ಸ್ವಾಗತ ಕಮಾನನ್ನೂ ರಂಗಮಂದಿರವನ್ನೂ ಕಟ್ಟುವ ಆಲೋಚನೆ ಇದೆಯೆಂದು ಕೇಳಿದ್ದೇನೆ. ರಂಗಮಂದಿರ ಬೇಕು, ಯಕ್ಷಗಾನವಿಲ್ಲದ ಕನ್ನಡ ಶಾಲೆಯನ್ನು ನಾನು ಊಹಿಸಲಾರೆ. ಕಮಾನಿನ ವಿಷಯದಲ್ಲಿ ಮಾತ್ರ ಸಮಿತಿಯವರು ಇನ್ನೊಮ್ಮೆ ಯೋಚಿಸಿ, ಆ ಹಣದಲ್ಲಿ ಒಂದು ಪಾಲನ್ನು ಪ್ರಯೋಗಾಲಯದ ಒಂದು ಮೇಜಿಗೆ ತೆಗೆದಿಡಬೇಕೆಂದು ವಿನಂತಿ.

ಆ ಮೇಜಿನ ಮೇಲೆ ದುಬಾರಿ ವಸ್ತುಗಳೇನೂ ಬೇಕಾಗಿಲ್ಲ. ಎರಡು ತುದಿಯನ್ನೂ ಕೆತ್ತಿದ ಎರಡು ಪೆನ್ಸಿಲುಗಳು, ಒಂದು 9 ವೋಲ್ಟಿನ ಬ್ಯಾಟರಿ, ಪೊಟ್ಯಾಸಿಯಂ ಅಯೊಡೈಡಿನ ದ್ರಾವಣ, ಅದಕ್ಕೆ ಒಂದು ಚಮಚ ಗಂಜಿತಿಳಿ. ಧನಾಗ್ರದ ಪೆನ್ಸಿಲಿನ ಸುತ್ತ ಕಡು ನೀಲಿ ಬಣ್ಣ ಹರಡುವಾಗ, ಎಲೆಕ್ಟ್ರಾನು ಕಿತ್ತುಹೋದುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಅರಸಿನದಲ್ಲಿ ಅದ್ದಿದ ಬಟ್ಟೆಯ ತುಂಡುಗಳನ್ನು ಕೆಂಪು, ಹಸಿರು, ನೀಲಿ ಗಾಜುಕಾಗದಗಳ ಅಡಿಯಲ್ಲಿ ಒಂದು ಮಧ್ಯಾಹ್ನ ಬಿಸಿಲಿಗಿಟ್ಟು, ಯಾವ ಬಣ್ಣದ ಬೆಳಕು ಹಳದಿಯನ್ನು ತಿಂದಿತೆಂದು ಬರೆದಿಡಬಹುದು. ಎರಡೂ ಒಟ್ಟಿಗೆ ಬೇಕೆಂದರೆ ಬೆಕರೆಲ್ಲನ ಜಾಡಿನ ಪ್ರಯೋಗವೂ ಇದೆ. ತಾಮ್ರದ ತಗಡೊಂದನ್ನು ಒಲೆಯ ಮೇಲೆ ಅರ್ಧ ಗಂಟೆ ಕೆಂಪಾಗುವಂತೆ ಕಾಯಿಸಿ ನಿಧಾನವಾಗಿ ತಣಿಯಲು ಬಿಟ್ಟರೆ, ಕರಿಯ ಹಕ್ಕಳೆ ತಾನಾಗಿ ಕಳಚಿ ಅಡಿಯಲ್ಲಿ ಕೆಂಪು ಆಕ್ಸೈಡಿನ ಪದರ ಉಳಿಯುತ್ತದೆ. ಅದನ್ನೂ, ಕಾಯಿಸದ ಇನ್ನೊಂದು ತಗಡನ್ನೂ ಒಂದಕ್ಕೊಂದು ತಾಗದಂತೆ ಉಪ್ಪುನೀರಿನಲ್ಲಿ ನಿಲ್ಲಿಸಿ, ಮೈಕ್ರೊ ಆಂಪಿಯರುಗಳನ್ನು ಅಳೆಯುವ ಮೀಟರಿಗೆ ಜೋಡಿಸಿ ಅಂಗಳದ ಬಿಸಿಲಿಗೆ ಹಿಡಿಯಬೇಕು; ನೆರಳಿನಲ್ಲಿ ಎಷ್ಟು, ಬಿಸಿಲಿನಲ್ಲಿ ಎಷ್ಟು ಎಂದು ಎರಡು ಸಾಲುಗಳಲ್ಲಿ ಬರೆದುಕೊಳ್ಳಬೇಕು. ಮೀಟರನ್ನು ನಾನು ತಂದುಕೊಡುತ್ತೇನೆ. ತಗಡನ್ನು ಕಾಯಿಸುವಾಗ ಮಾತ್ರ ಅಧ್ಯಾಪಕರೊಬ್ಬರು ಒಲೆಯ ಬಳಿಯಲ್ಲಿಯೇ ಇರಬೇಕು.